ಗಂಟೆಯ ರೇಟಿಗೆ 240ರಿಂದ ಭಾಗಿಸಬೇಕೋ, 208ರಿಂದಲೋ? ಓಟಿ ಲೆಕ್ಕದಲ್ಲಿ 370 ಎಲ್ಲಿ ಹೋಯಿತು?

ಹೊಸ_ಗುಮಾಸ್ತೆ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನಮ್ಮ ಯೂನಿಟ್‌ನ ಸಂಬಳದ ಲೆಕ್ಕ ನನ್ನ ತಲೆಗೆ ಬಂದಿದೆ. ಒಟ್ಟು 14 ಜನ. ಮೊದಲು ಇದ್ದವರು ಕೆಲಸ ಬಿಡುವಾಗ ಒಂದು ಎಕ್ಸೆಲ್ ಶೀಟ್ ಕೊಟ್ಟು, "ಹೆಸರಿನ ಎದುರು ಗಂಟೆ ತುಂಬಿಸು, ಉಳಿದದ್ದು ಅದೇ ನೋಡಿಕೊಳ್ಳುತ್ತೆ" ಅಂದಿದ್ದರು. ನಾನೂ ಹಾಗೇ ತುಂಬಿಸುತ್ತಾ ಬಂದೆ.

ಮೊನ್ನೆ ಮೆಷಿನ್ ಆಪರೇಟರ್ ಒಬ್ಬರು ಪೇಸ್ಲಿಪ್ ಹಿಡಿದುಕೊಂಡು ಬಂದರು. ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು ಟೇಬಲ್ ಮೇಲೆ ಇಟ್ಟರು. ಯಾವ ದಿನ ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೋದೆ, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ತಿಂಗಳ ಸಂಬಳ 26,000. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ. ಓಟಿಗೆ, ಅಂದರೆ ನಿಗದಿತ ಹೊತ್ತು ಮೀರಿ ದುಡಿದ ಗಂಟೆಗೆ, ಒಂದೂವರೆ ಪಟ್ಟು ಅಂತ ಅವರ ನೇಮಕಾತಿ ಆರ್ಡರ್‌ನಲ್ಲೇ ಇದೆ. ನನ್ನ ಶೀಟ್ ಪ್ರಕಾರ ಓಟಿ ಹಣ 2,161.25. ಅವರ ಪುಸ್ತಕದ ಪ್ರಕಾರ 2,531.25. ಸರಿಯಾಗಿ 370 ವ್ಯತ್ಯಾಸ.

ಶೀಟ್‌ನಲ್ಲಿರುವ ಲೆಕ್ಕ ಇಷ್ಟೇ. ಸಂಬಳವನ್ನು 30ರಿಂದ ಭಾಗಿಸಿ, ಬಂದದ್ದನ್ನು 8ರಿಂದ ಭಾಗಿಸಿ, 1.5ರಿಂದ ಗುಣಿಸಿ, ಓಟಿ ಗಂಟೆಯಿಂದ ಗುಣಿಸುವುದು. ನನಗೆ ತಪ್ಪೇನೂ ಕಾಣಲಿಲ್ಲ. ಅವರೂ ಜಗಳಕ್ಕೆ ಬಂದವರಲ್ಲ, "ನೀವೇ ಒಂದು ಸಲ ನೋಡಿ" ಅಂತ ಪುಸ್ತಕ ಬಿಟ್ಟು ಹೋದರು. ಮೂರು ದಿನದಿಂದ ಅದು ನನ್ನ ಡ್ರಾಯರ್‌ನಲ್ಲೇ ಇದೆ. ಯಾರ ಲೆಕ್ಕ ಸರಿ?

ಶೀಟ್_ಹುಳ:
30ರಿಂದ ಭಾಗಿಸಿದ್ದೀರಲ್ಲ ಸರ್, ಅಲ್ಲೇ ಇದೆ ನೋಡಿ. 26ರಿಂದ ಭಾಗಿಸಿ. ಮುಗೀತು.

ಹೊಸ_ಗುಮಾಸ್ತೆ:
ಸರ್ ಅಲ್ಲ, ಮೇಡಂ 🙂 ಆದರೆ 26 ಯಾಕೆ? ತಿಂಗಳಿಗೆ 30 ದಿನ ಅಲ್ವಾ?

ಹಳೇ_ಮಸ್ಟರ್:
ಮೇಡಂ, 30 ದಿನ ತಿಂಗಳಿಗೆ ಇರುತ್ತೆ, ಕೆಲಸಕ್ಕೆ ಇರಲ್ಲ. ಹೀಗೆ ನೋಡಿ. ವಾರಕ್ಕೆ 6 ದಿನ, ವರ್ಷಕ್ಕೆ 52 ವಾರ. ಗುಣಿಸಿದರೆ 312 ದಿನ. 12 ತಿಂಗಳಿಗೆ ಹಂಚಿದರೆ ಸರಿಯಾಗಿ 26. ಆ 26 ಯಾರೋ ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ. ಗಂಟೆಯಲ್ಲೂ ಅಷ್ಟೇ. ವಾರಕ್ಕೆ 48 ಗಂಟೆ, 52 ವಾರಕ್ಕೆ 2,496, ತಿಂಗಳಿಗೆ 208. ನಿಮ್ಮ ಆಪರೇಟರ್ ಗಂಟೆಯ ರೇಟು 26,000 ಭಾಗಿಸು 208, ಅಂದರೆ 125. ನಿಮ್ಮ ಶೀಟ್ 240ರಿಂದ ಭಾಗಿಸಿ 108.33 ಅನ್ನುತ್ತಿದೆ. ತಿಂಗಳಿಗೆ 240 ಗಂಟೆ ಅವರು ಎಲ್ಲಿ ಕೆಲಸ ಮಾಡಿದರು?

ವಾರಕ್ಕೆ 5 ದಿನ, 40 ಗಂಟೆಯ ಕೆಲಸವಾದರೆ 208 ಕೂಡ ತಪ್ಪು. ಆಗ ವರ್ಷಕ್ಕೆ 2,080, ತಿಂಗಳಿಗೆ 173.33. ಅದೇ 26,000 ಸಂಬಳಕ್ಕೆ ಗಂಟೆಗೆ 150 ಆಗುತ್ತೆ. ಸಂಬಳ ಒಂದೇ, ರೇಟು ಬೇರೆ. ಹಾಗಾಗಿ ಗಂಟೆಯ ರೇಟು ಎಷ್ಟು ಅಂತ ಕೇಳುವ ಮೊದಲು, ಆ ಸಂಬಳ ಎಷ್ಟು ಗಂಟೆಗೆ ಅಂತ ಕೇಳಬೇಕು.

ಲೆಕ್ಕ_ಪಕ್ಕಾ:
ಅಷ್ಟು ಸುಲಭ ಇಲ್ಲ ಸ್ವಾಮಿ. ತಿಂಗಳ ಸಂಬಳ ಅಂದರೆ ವಾರದ ರಜೆಗೂ ಸೇರಿಸಿ ಕೊಡುವುದು. 30 ದಿನಕ್ಕೂ ಸಂಬಳ ಇದೆ. ಒಂದು ದಿನದ ಸಂಬಳ 30ರಲ್ಲಿ ಒಂದು ಪಾಲು. ಅದನ್ನು 8ರಿಂದ ಭಾಗಿಸಿದರೆ ಗಂಟೆಯ ರೇಟು. ಇದರಲ್ಲಿ ತಪ್ಪೇನಿದೆ? ಎಷ್ಟೋ ಕಡೆ ಹೀಗೇ ನಡೆಯುತ್ತೆ.

ಎರಡನೇ_ಪಾಳಿ:
ಎಷ್ಟೋ ಕಡೆ ಹೇಗೆ ನಡೆಯುತ್ತೆ ಅಂತ ನಾನು ಹೇಳುತ್ತೇನೆ ಕೇಳಿ. ನಾನು ಮೊದಲಿದ್ದ ಕಡೆ ಓಟಿ ಕೊಡುವಾಗ 30ರಿಂದ ಭಾಗಿಸುತ್ತಿದ್ದರು. ಒಂದು ದಿನ ರಜೆ ಹಾಕಿದರೆ ಕತ್ತರಿಸುವಾಗ 26ರಿಂದ. ಇದೇ 26,000ಕ್ಕೆ ಲೆಕ್ಕ ಹಾಕಿ. ಕೊಡುವಾಗ ದಿನಕ್ಕೆ 866.67, ಕತ್ತರಿಸುವಾಗ 1,000. ಎರಡು ವರ್ಷ ನನಗೆ ಗೊತ್ತೇ ಆಗಲಿಲ್ಲ. ಕೊಡುವಾಗ 30, ಕೊಯ್ಯುವಾಗ 26!

ಸುಮ್ನೆ_ಓದುಗ:
ಕೊಡುವಾಗ 30, ಕೊಯ್ಯುವಾಗ 26 😂 ಇದನ್ನು ಬೋರ್ಡ್ ಬರೆಸಿ ಆಫೀಸಿನ ಬಾಗಿಲಿಗೆ ಹಾಕಬೇಕು.

ಹಳೇ_ಮಸ್ಟರ್:
@ಲೆಕ್ಕ_ಪಕ್ಕಾ, ವಾರದ ರಜೆಗೂ ಸಂಬಳ ಇದೆ, ಒಪ್ಪಿದೆ. ಆ ರಜೆಯ ಸಂಬಳವನ್ನು ಮನುಷ್ಯ ಸಂಪಾದಿಸಿದ್ದು ಆ ಆರು ದಿನ ದುಡಿದೇ ಅಲ್ವಾ? ಇನ್ನೊಂದು ರೀತಿ ನೋಡಿ. ನಿಮ್ಮ 108.33ಕ್ಕೆ ಒಂದೂವರೆ ಪಟ್ಟು ಅಂದರೆ 162.50. ಅವರು ದಿನಾ ದುಡಿಯುವ ಗಂಟೆಗೆ ನಿಜವಾಗಿ ಬೀಳುತ್ತಿರುವುದು 125. 162.50ನ್ನು 125ರಿಂದ ಭಾಗಿಸಿ ನೋಡಿ, 1.3 ಬರುತ್ತೆ. ಆರ್ಡರ್‌ನಲ್ಲಿ ಒಂದೂವರೆ ಅಂತ ಬರೆದು ಕೈಗೆ 1.3 ಕೊಟ್ಟ ಹಾಗಾಯಿತು.

ಲೆಕ್ಕ_ಪಕ್ಕಾ:
ಹ್ಮ್. ಆ 1.3ರ ಲೆಕ್ಕ ನಾನು ಮಾಡಿ ನೋಡಿರಲಿಲ್ಲ. ಆದರೂ ಆರ್ಡರ್‌ನಲ್ಲಿ 30 ಅಂತ ಬರೆದು ಸಹಿ ಆಗಿದ್ದರೆ?

ಹಳೇ_ಮಸ್ಟರ್:
ಬರೆದಿದ್ದರೆ ಆಮೇಲಿನ ಮಾತು. ಕಾನೂನು ಕೊಡು ಅಂದಿದ್ದಕ್ಕಿಂತ ಕಡಿಮೆ ಆದರೆ ಸಹಿ ಮಾಡಿಸಿಕೊಂಡಿದ್ದೂ ನಿಲ್ಲುವುದಿಲ್ಲ. ಮೇಡಂ ಹೇಳಿದ್ದರಲ್ಲಿ ಆರ್ಡರ್‌ನಲ್ಲಿ ಬರೀ ಒಂದೂವರೆ ಅಂತ ಇದೆ. 30 ಶೀಟ್‌ನಲ್ಲಿ ಮಾತ್ರ ಇದೆ.

ಕ್ಯಾಲೆಂಡರ್_ಭಟ್ಟ:
ಇವೆರಡಕ್ಕಿಂತ ಕೆಟ್ಟದ್ದು ಒಂದಿದೆ. ಆಯಾ ತಿಂಗಳ ದಿನದಿಂದ ಭಾಗಿಸುವವರು. ಫೆಬ್ರವರಿಯಲ್ಲಿ 28ರಿಂದ ಭಾಗಿಸಿದರೆ ಇದೇ ವ್ಯಕ್ತಿಯ ಗಂಟೆ 116.07. ಮಾರ್ಚ್‌ನಲ್ಲಿ 31ರಿಂದ, 104.84. ಅದೇ ಮೆಷಿನ್, ಅದೇ ಕೈ, ಕ್ಯಾಲೆಂಡರ್ ಹಾಳೆ ತಿರುಗಿಸಿದ್ದಕ್ಕೆ ಗಂಟೆಗೆ 11 ಕಡಿಮೆ. ನಮ್ಮಲ್ಲಿ ಹೀಗಿದ್ದಾಗ ಎಲ್ಲರೂ ಫೆಬ್ರವರಿಯಲ್ಲೇ ಓಟಿ ಕೇಳುತ್ತಿದ್ದರು, ಸುಳ್ಳಲ್ಲ.

ಹೊಸ_ಗುಮಾಸ್ತೆ:
26 ಹಾಕಿ ನೋಡಿದೆ. 125 ಗುಣಿಸು 1.5 ಅಂದರೆ 187.50. ಓಟಿ ಗಂಟೆಯಿಂದ ಗುಣಿಸಿದರೆ 2,493.75 ಬಂತು. ಅವರ ಪುಸ್ತಕದಲ್ಲಿ 2,531.25. ಇನ್ನೂ 37.50 ಸಿಗುತ್ತಿಲ್ಲ. ಅವರೇ ಎಲ್ಲೋ ತಪ್ಪಿರಬಹುದು ಅಲ್ವಾ?

ಕಾಲು_ಮುಕ್ಕಾಲು:
ಓಟಿ ಗಂಟೆ ಎಷ್ಟು ಅಂತ ನೀವು ಇನ್ನೂ ಹೇಳೇ ಇಲ್ಲವಲ್ಲ ಮೇಡಂ.

ಹೊಸ_ಗುಮಾಸ್ತೆ:
ಪಂಚಿಂಗ್ ಮೆಷಿನ್ ರಿಪೋರ್ಟ್‌ನಲ್ಲಿ 13:30 ಅಂತ ಬರುತ್ತೆ. ಶೀಟ್ ಆ ಎರಡು ಚುಕ್ಕಿ ತಗೊಳಲ್ಲ, ಹಾಗಾಗಿ 13.30 ಅಂತ ಹಾಕಿದ್ದೇನೆ. ಮೊದಲಿನವರೂ ಹಾಗೇ ಹೇಳಿಕೊಟ್ಟಿದ್ದು.

ಕಾಲು_ಮುಕ್ಕಾಲು:
ಸಿಕ್ಕಿತು ನಿಮ್ಮ 37.50! ಪುಸ್ತಕ ತೆಗೆದು ನೋಡಿ, ಅಲ್ಲಿ ಏನಂತ ಬರೆದಿದ್ದಾರೆ?

ಹೊಸ_ಗುಮಾಸ್ತೆ:
ಹದಿಮೂರೂವರೆ ಅಂತ ಅಕ್ಷರದಲ್ಲೇ ಬರೆದಿದ್ದಾರೆ.

ಅಯ್ಯೋ.

ಕಾಲು_ಮುಕ್ಕಾಲು:
ಹ್ಞಾಂ. ಹದಿಮೂರೂವರೆ ಅಂದರೆ 13.5. ನೀವು ಹಾಕಿದ್ದು 13.3. ಗಂಟೆಗೆ ನೂರಲ್ಲ, ಅರವತ್ತು ನಿಮಿಷ. 0.2 ಗಂಟೆ, 187.50ರಿಂದ ಗುಣಿಸಿದರೆ 37.50. ನಿಮ್ಮ ಆಪರೇಟರ್ ಲೆಕ್ಕ ಪೈಸೆಯೂ ಆಚೀಚೆ ಇಲ್ಲ.

ಮನೆ ಮಾತಿನಲ್ಲಿ ಹೇಳಿಕೊಂಡರೆ ಈ ತಪ್ಪು ಆಗುವುದೇ ಇಲ್ಲ. 7:15 ಅಂದರೆ ಏಳೂ ಕಾಲು, 7.25. 7:30 ಏಳೂವರೆ, 7.5. 7:45 ಏಳೂ ಮುಕ್ಕಾಲು, 7.75. ಬೇರೆ ನಿಮಿಷವಾದರೆ 60ರಿಂದ ಭಾಗಿಸಿ, 20 ನಿಮಿಷಕ್ಕೆ 0.33, 50 ನಿಮಿಷಕ್ಕೆ 0.83. ಚುಕ್ಕಿ ಇಟ್ಟು ಕೂಡಿಸಿದರೆ ಇನ್ನೂ ಅಧ್ವಾನ. 1.45 ಕೂಡಿಸು 1.45 ಅಂದರೆ ಶೀಟ್ 2.90 ಅನ್ನುತ್ತೆ. ನಿಜಕ್ಕೆ ಅದು ಮೂರೂವರೆ ಗಂಟೆ.

ರಾತ್ರಿಪಾಳಿ:
ಮತ್ತೆ ಒಂದು ಗಮನಿಸಿ. ಈ ಚುಕ್ಕಿಯ ತಪ್ಪು ಯಾವಾಗಲೂ ಒಂದೇ ಕಡೆ ವಾಲುತ್ತೆ. 15 ನಿಮಿಷ 0.25 ಬದಲು 0.15, 45 ನಿಮಿಷ 0.75 ಬದಲು 0.45. ದುಡಿದವನಿಗೆ ಒಂದು ಸಲವೂ ಜಾಸ್ತಿ ಬರಲ್ಲ. ಅದಕ್ಕೇ ಯಾವ ಮ್ಯಾನೇಜರ್ ಕಣ್ಣಿಗೂ ಬೀಳಲ್ಲ.

ಶೀಟ್_ಹುಳ:
ಶೀಟ್ ಎರಡು ಚುಕ್ಕಿ ತಗೊಳಲ್ಲ ಅನ್ನುವುದು ಸರಿಯಲ್ಲ. ಆ ಕಾಲಂ ನಂಬರ್ ಅಂತ ಫಾರ್ಮ್ಯಾಟ್ ಆಗಿರಬೇಕು. ಟೈಮ್ ಅಂತ ಬದಲಿಸಿ, 13:30 ಅಂತಲೇ ಹಾಕಿ. ಆದರೆ ಮೂರು ಹಳ್ಳ ಇವೆ, ಮೂರರಲ್ಲೂ ನಾನು ಬಿದ್ದಿದ್ದೇನೆ.

ಶೀಟ್‌ಗೆ ಒಂದು ಪೂರ್ತಿ ದಿನ ಅಂದರೆ 1. ಹಾಗಾಗಿ 8 ಗಂಟೆ ಅದರ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು. ನೇರವಾಗಿ 125ರಿಂದ ಗುಣಿಸಿದರೆ ದಿನದ ಸಂಬಳ 1,000 ಬದಲು 41.67 ಬರುತ್ತೆ. ಹಣದ ಲೆಕ್ಕಕ್ಕೆ ಹೋಗುವ ಮೊದಲು ಸಮಯವನ್ನು 24ರಿಂದ ಗುಣಿಸಬೇಕು.

ಆಮೇಲೆ ಮೊತ್ತ. ವಾರದ ಗಂಟೆ ಕೂಡಿಸಿದರೆ 45:30 ಬರಬೇಕಾದ ಕಡೆ 21:30 ಕಾಣುತ್ತೆ. 24 ದಾಟಿದ ಕೂಡಲೇ ಗಡಿಯಾರದ ಥರ ಮತ್ತೆ ಸೊನ್ನೆಯಿಂದ ಶುರು. ಒಳಗೆ ಲೆಕ್ಕ ಸರಿಯಾಗೇ ಇರುತ್ತೆ, ತೋರಿಸುವುದು ತಪ್ಪು. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರವನ್ನು ಚೌಕ ಬ್ರಾಕೆಟ್ ಒಳಗೆ ಹಾಕಿದರೆ ಪೂರ್ತಿ ತೋರಿಸುತ್ತೆ. ನಾನು ಆ 21:30 ನೋಡಿ ಒಬ್ಬರಿಗೆ ಅರ್ಧ ವಾರದ ಸಂಬಳ ಹಾಕಿಬಿಟ್ಟಿದ್ದೆ.

ಮೂರನೆಯದು ರಾತ್ರಿಪಾಳಿ.

ರಾತ್ರಿಪಾಳಿ:
ನನ್ನ ಹೆಸರು ಹಿಡಿದು ಕರೆದ ಹಾಗಾಯಿತು! ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋದರೆ ಶೀಟ್ 6ರಿಂದ 22 ಕಳೆದು ಮೈನಸ್ 16 ಅನ್ನುತ್ತೆ. ಹೋದ ಸಮಯ ಬಂದ ಸಮಯಕ್ಕಿಂತ ಕಡಿಮೆ ಇದ್ದರೆ ಒಂದು ದಿನ ಸೇರಿಸು ಅಂತ ಷರತ್ತು ಹಾಕಬೇಕು. ನಮ್ಮ ಹಳೇ ಕಂಪನಿಯಲ್ಲಿ ಅದಿರಲಿಲ್ಲ. ಮೈನಸ್ ಬಂದ ಕಡೆಯೆಲ್ಲ ಅಕೌಂಟ್ಸ್‌ನವರು ಸೊನ್ನೆ ಮಾಡುತ್ತಿದ್ದರು. ರಾತ್ರಿಯಿಡೀ ನಿದ್ದೆಗೆಟ್ಟವನು ಕಾಗದದ ಮೇಲೆ ಗೈರುಹಾಜರು.

ಸುಮ್ನೆ_ಓದುಗ:
ನಮ್ಮಲ್ಲಿ ಮೆಷಿನ್‌ಗೆ ನನ್ನ ಬೆರಳೇ ಹಿಡಿಸಲ್ಲ. ನಾಲ್ಕು ಸಲ ಒತ್ತಿದ ಮೇಲೆ ಹಸಿರು ದೀಪ. ಅಷ್ಟರಲ್ಲಿ 9:01. ತಡ.

ಎರಡನೇ_ಪಾಳಿ:
ಆ ಒಂದು ನಿಮಿಷಕ್ಕೆ ಎಷ್ಟು ಹೋಗುತ್ತೆ ಅಂತ ಕೇಳಿ ನೋಡಿ. ನಮ್ಮಲ್ಲಿ ಎಲ್ಲವನ್ನೂ ಕಾಲು ಗಂಟೆಗೆ ಹತ್ತಿರ ಮಾಡುತ್ತಾರೆ. 9:02ಕ್ಕೆ ಬಂದರೆ 9:15 ಅಂತ ಬರೆದುಕೊಳ್ಳುತ್ತಾರೆ. ಸಂಜೆ 6:14ಕ್ಕೆ ಹೋದರೆ 6:00 ಅಂತ. ಬೆಳಿಗ್ಗೆ 13 ನಿಮಿಷ, ಸಂಜೆ 14.

ಹಳೇ_ಮಸ್ಟರ್:
ಅದನ್ನು ರೌಂಡಿಂಗ್ ಅಂತ ಕರೆಯಬಾರದು, ಅದು ಜೇಬುಗಳ್ಳತನ. ಕಾಲು ಗಂಟೆಗೆ ಹತ್ತಿರ ಮಾಡುವುದಾದರೆ ಎರಡೂ ಕಡೆ ಒಂದೇ ನಿಯಮ ಇರಬೇಕು. 7 ನಿಮಿಷದವರೆಗೆ ಹಿಂದಕ್ಕೆ, 8ರಿಂದ ಮುಂದಕ್ಕೆ. 9:02 ಆಗ 9:00 ಆಗುತ್ತೆ, 6:14 ಆಗ 6:15. ಒಂದು ದಿನ ದುಡಿಯುವವನಿಗೆ ಲಾಭ, ಇನ್ನೊಂದು ದಿನ ಕಂಪನಿಗೆ, ತಿಂಗಳಿಗೆ ಸರಿಹೋಗುತ್ತೆ. ಮೆಷಿನ್ ನಿಮಿಷ ನಿಮಿಷವನ್ನೂ ಬರೆಯುವಾಗ ಇದೆಲ್ಲ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ. ಕೈಯಲ್ಲಿ ಕೂಡಿಸುವ ಕಾಲದಲ್ಲಿ ಅರ್ಥ ಇತ್ತು.

ಹಣದಲ್ಲಿ ರೌಂಡ್ ಮಾಡುವುದಾದರೆ ಕೊನೆಯಲ್ಲಿ ಒಂದೇ ಸಲ ಮಾಡಿ. ಮಧ್ಯದಲ್ಲಿ ರೇಟನ್ನೇ 108 ಅಂತ ಮಾಡಿಕೊಂಡರೆ ಗಂಟೆ ಹೆಚ್ಚಿದ ಹಾಗೆ ತಪ್ಪೂ ಬೆಳೆಯುತ್ತೆ.

ಊಟದ_ಅರ್ಧಗಂಟೆ:
ಈ ಹೆಸರು ಯಾಕೆ ಇಟ್ಟುಕೊಂಡಿದ್ದೇನೆ ಅಂತ ಈಗ ಹೇಳಬಹುದು. ನಮ್ಮ ಸಾಫ್ಟ್‌ವೇರ್ ಊಟಕ್ಕೆ ಅಂತ ದಿನಾ ಅರ್ಧ ಗಂಟೆ ತಾನೇ ಕಳೆಯುತ್ತೆ. ನಾನು ಕೌಂಟರ್ ಬಿಟ್ಟು ಏಳುವ ಹಾಗಿಲ್ಲ, ಕುಳಿತಲ್ಲೇ ತಿಂದು ಗಿರಾಕಿಗೆ ಉತ್ತರ ಕೊಡುತ್ತೇನೆ. 26 ದಿನಕ್ಕೆ 13 ಗಂಟೆ. ಆ ಆಪರೇಟರ್ ಇಡೀ ತಿಂಗಳು ಮಾಡಿದ ಓಟಿಯಷ್ಟೇ ಹತ್ತಿರ ಹತ್ತಿರ. ನಾನು ಅದನ್ನು ಸುಮ್ನೆ ಬಿಟ್ಟುಕೊಡುತ್ತಿದ್ದೇನೆ.

ಕಾಲು_ಮುಕ್ಕಾಲು:
ಕೆಲಸದಿಂದ ಪೂರ್ತಿ ಬಿಡುಗಡೆ ಇದ್ದರೆ ಮಾತ್ರ ಅದು ಬಿಡುವು. ನೀವೂ ಒಂದು ಪುಸ್ತಕ ಇಡಿ. ಪೆನ್ಸಿಲ್ ಸಾಕು.

ಹೊಸಬ_07:
ಓಟಿ ಯಾವಾಗಲೂ ಒಂದೂವರೆ ಪಟ್ಟೇನಾ? ನಮ್ಮಣ್ಣನಿಗೆ ಎರಡು ಪಟ್ಟು ಬರುತ್ತೆ.

ಕ್ಯಾಲೆಂಡರ್_ಭಟ್ಟ:
ದೇಶ, ಕೆಲಸ, ಒಪ್ಪಂದ ನೋಡಿಕೊಂಡು ಬದಲಾಗುತ್ತೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಡಂಬಡಿಕೆಯೇ ಕೆಲಸದ ಗಂಟೆಯದ್ದು, 1919ರದ್ದು. ದಿನಕ್ಕೆ 8, ವಾರಕ್ಕೆ 48, ಓಟಿಗೆ ಕಡಿಮೆ ಅಂದರೂ ಒಂದೂಕಾಲು ಪಟ್ಟು. ಅಮೆರಿಕದ 1938ರ ಕಾಯ್ದೆ ಒಂದೂವರೆ ಅಂದಿತು. ಅಲ್ಲಿಯೂ ಒಂದೇ ಏಟಿಗೆ 40 ಗಂಟೆಗೆ ಇಳಿಯಲಿಲ್ಲ. ಮೊದಲ ವರ್ಷ 44, ಆಮೇಲೆ 42, 1940ಕ್ಕೆ 40. ಭಾರತದ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಅಥವಾ ವಾರಕ್ಕೆ 48 ದಾಟಿದರೆ ಎರಡು ಪಟ್ಟು ಅಂತ ಇಟ್ಟಿತು.

ಹೊಸಬ_07:
ದಿನದ್ದೂ ದಾಟಿ ವಾರದ್ದೂ ದಾಟಿದರೆ ಎರಡು ಸಲ ಸಿಗುತ್ತಾ? 😀

ಹಳೇ_ಮಸ್ಟರ್:
ಆಸೆ ನೋಡಿ! ಇಲ್ಲ ತಮ್ಮಾ. ದಿನಕ್ಕೆ 8, ವಾರಕ್ಕೆ 40 ಮಿತಿ ಅಂತ ಇಟ್ಟುಕೋ. ನಾಲ್ಕು ದಿನ 10 ಗಂಟೆ, ಒಂದು ದಿನ 8, ಒಟ್ಟು 48. ದಿನದ ಲೆಕ್ಕದಲ್ಲಿ 8 ಗಂಟೆ ಓಟಿ. ವಾರದ ಲೆಕ್ಕದಲ್ಲೂ 8. ಅದೇ ಎಂಟು ಗಂಟೆಯನ್ನು ಎರಡು ಕಿಟಕಿಯಿಂದ ನೋಡುತ್ತಿದ್ದೇವೆ, ಅಷ್ಟೇ. 16 ಆಗಲ್ಲ. ಒಮ್ಮೆ ಓಟಿ ಅಂತ ಎಣಿಸಿದ ಗಂಟೆಯನ್ನು ಪಕ್ಕಕ್ಕಿಟ್ಟು, ಉಳಿದದ್ದು ವಾರದ ಮಿತಿ ದಾಟಿತಾ ಅಂತ ನೋಡಬೇಕು.

ಹಾಗೇ ಉಲ್ಟಾ ಮೋಸವೂ ಇದೆ. ಒಂದು ವಾರ 50 ಗಂಟೆ ಮಾಡಿಸಿ, ಮುಂದಿನ ವಾರ 30ಕ್ಕೆ ಕಳಿಸಿ, "ಎರಡು ವಾರಕ್ಕೆ 80, ಸರಾಸರಿ 40, ಓಟಿ ಎಲ್ಲಿದೆ" ಅನ್ನುವವರು. ವಾರದ ನಿಯಮ ಇದ್ದಲ್ಲಿ ಪ್ರತಿ ವಾರವೂ ತನ್ನ ಲೆಕ್ಕ ತಾನೇ ಮುಗಿಸಬೇಕು. ಮೊದಲ ವಾರದ 10 ಗಂಟೆ ಓಟಿಯೇ.

ಲೆಕ್ಕ_ಪಕ್ಕಾ:
ಸರಿ, ನಾನೂ ಒಂದು ಕಗ್ಗಂಟು ಹಾಕುತ್ತೇನೆ. ಗಂಟೆಗೆ 100, ವಾರದ ಮಿತಿ 40, ಒಬ್ಬ 50 ಗಂಟೆ ಮಾಡಿದ. ಅದೇ ವಾರ ಉತ್ಪಾದನೆ ಬೋನಸ್ 500. ಎಷ್ಟು ಕೊಡಬೇಕು?

ಶೀಟ್_ಹುಳ:
40ಕ್ಕೆ 4,000, 10ಕ್ಕೆ 150ರಂತೆ 1,500, ಬೋನಸ್ 500. ಒಟ್ಟು 6,000. ಇದರಲ್ಲಿ ಕಗ್ಗಂಟೇನು?

ಲೆಕ್ಕ_ಪಕ್ಕಾ:
ಅಮೆರಿಕದ ನಿಯಮದಲ್ಲಿ ತಪ್ಪು. ಕೆಲಸಕ್ಕೆ ಅಂತ ಕೊಟ್ಟ ಬೋನಸ್ ಕೂಡ ರೇಟಿನ ಒಳಗೆ ಬರಬೇಕು. 50 ಗಂಟೆಗೆ 5,000, ಬೋನಸ್ ಸೇರಿ 5,500. ಭಾಗಿಸು 50, ಅಂದರೆ ನಿಜವಾದ ರೇಟು 110. ಈಗ 10 ಗಂಟೆಗೆ ಅದರ ಅರ್ಧ, 55ರಂತೆ 550. ಒಟ್ಟು 6,050.

ಎರಡನೇ_ಪಾಳಿ:
ಅರ್ಧ ಯಾಕೆ? ಒಂದೂವರೆ ಅಲ್ವಾ? ಮತ್ತೆ ಕತ್ತರಿ ಹಾಕುತ್ತಿದ್ದೀರಾ?

ಲೆಕ್ಕ_ಪಕ್ಕಾ:
ಇಲ್ಲ ಮಾರಾಯ್ರೆ, ಆ 5,500ರಲ್ಲಿ 50 ಗಂಟೆಗೂ ಒಂದೊಂದು ಪಟ್ಟು ಆಗಲೇ ಸೇರಿದೆ. ಓಟಿಯ 10 ಗಂಟೆಗೆ ಬಾಕಿ ಇರುವುದು ಮೇಲಿನ ಅರ್ಧ ಮಾತ್ರ. ಎರಡು ರೇಟಿನ ಕೆಲಸಕ್ಕೂ ಹೀಗೇ. 30 ಗಂಟೆ 100ರಂತೆ, 20 ಗಂಟೆ 130ರಂತೆ. ಒಟ್ಟು 5,600, ಸರಾಸರಿ 112, ಅರ್ಧ 56, ಹತ್ತು ಗಂಟೆಗೆ 560. ಕೈಗೆ 6,160.

ಎರಡನೇ_ಪಾಳಿ:
ಕಾಗದದ ಮೇಲೆ ಬರೆದು ನೋಡಿದೆ. ಸರಿ ಇದೆ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ಬೇಜಾರಾಗಬೇಡಿ, ಆ 30-26 ಆದ ಮೇಲೆ ಯಾರನ್ನೂ ನಂಬಲ್ಲ.

ಕ್ಯಾಲೆಂಡರ್_ಭಟ್ಟ:
ಒಂದು ಮಜಾ ವಿಷಯ. ವರ್ಷಕ್ಕೆ 2,080 ಗಂಟೆ ಅನ್ನುವುದೂ ಪೂರ್ತಿ ನಿಜ ಅಲ್ಲ. 52 ವಾರ ಅಂದರೆ 364 ದಿನ ಮಾತ್ರ. ಉಳಿದ ಒಂದು ದಿನ, ಅಧಿಕ ವರ್ಷದಲ್ಲಿ ಎರಡು ದಿನ, ಎಲ್ಲಿಗೆ ಹೋದವು? ಕ್ಯಾಲೆಂಡರ್ ಒಂದು ಸುತ್ತು ಬರುವ 28 ವರ್ಷಕ್ಕೆ ಸರಾಸರಿ ಹಾಕಿದರೆ ವರ್ಷಕ್ಕೆ 2,087 ಗಂಟೆ ಚಿಲ್ಲರೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರಿಗೆ ಈ 2,087ರಿಂದಲೇ ಭಾಗಿಸುತ್ತಾರೆ.

ಸುಮ್ನೆ_ಓದುಗ:
ನಾನು ಇದೆಲ್ಲ ಓದಿ ನನ್ನ ಗಂಟೆಯ ರೇಟು ಲೆಕ್ಕ ಹಾಕಿದೆ. ಆಮೇಲೆ ಇವತ್ತಿನ ಮೀಟಿಂಗ್‌ನಲ್ಲಿ ಕುಳಿತಿದ್ದ ಒಂಬತ್ತು ಜನರದ್ದೂ ಅಂದಾಜು ಹಾಕಿದೆ. ಗೋಡೆಗೆ ಯಾವ ಬಣ್ಣ ಅಂತ ಒಂದೂಕಾಲು ಗಂಟೆ ಚರ್ಚೆ ಆಯಿತು. ಅಷ್ಟು ಹಣದಲ್ಲಿ ಗೋಡೆಗೆ ಎರಡು ಸಲ ಬಣ್ಣ ಹೊಡೆಸಬಹುದಿತ್ತು.

ಶೀಟ್_ಹುಳ:
ಬಣ್ಣ ತೀರ್ಮಾನ ಆಯಿತಾ?

ಸುಮ್ನೆ_ಓದುಗ:
ಮುಂದಿನ ಮೀಟಿಂಗ್‌ಗೆ ಹೋಗಿದೆ.

ಹೊಸ_ಗುಮಾಸ್ತೆ:
ಮತ್ತೆ ಬಂದೆ. ನಿನ್ನೆ ರಾತ್ರಿ ಕುಳಿತು 14 ಜನರದ್ದೂ ಹಳೆಯ ರಿಪೋರ್ಟ್ ತೆಗೆದು ನೋಡಿದೆ. ಒಂಬತ್ತು ಜನರಿಗೆ ಓಟಿ ಇದೆ. 30-26ರ ವ್ಯತ್ಯಾಸ ಒಂಬತ್ತು ಜನರಿಗೂ ಬಂದಿದೆ, ಚುಕ್ಕಿಯ ತಪ್ಪು ಆರು ಜನರಿಗೆ. @ರಾತ್ರಿಪಾಳಿ ಹೇಳಿದ ಹಾಗೇ, ಒಬ್ಬರಿಗೂ ಜಾಸ್ತಿ ಹೋಗಿಲ್ಲ.

ಬೆಳಿಗ್ಗೆ ಮಾಲೀಕರಿಗೆ ಎರಡು ಕಾಲಂ ಮಾಡಿ ತೋರಿಸಿದೆ, ಕೊಟ್ಟದ್ದು ಒಂದು ಕಡೆ, ಕೊಡಬೇಕಾದದ್ದು ಒಂದು ಕಡೆ. ಆ 1.3ರ ಮಾತು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕ್ಯಾಲ್ಕುಲೇಟರ್ ತಗೊಂಡು ತಾವೇ ಭಾಗಿಸಿ ನೋಡಿದರು. ಈ ತಿಂಗಳ ಬಾಕಿ ಈ ಸಂಬಳದ ಜೊತೆ, ಹಿಂದಿನದ್ದು ಮೂರು ಕಂತಿನಲ್ಲಿ ಅಂದರು. ಆಮೇಲೆ ಕೇಳಿದರು, "ಹಾಗಾದರೆ ತಡವಾಗಿ ಬಂದವರಿಗೆ ಕತ್ತರಿಸಿದ್ದೂ ಚುಕ್ಕಿ ಲೆಕ್ಕದಲ್ಲೇ ಅಲ್ವಾ? ಅಲ್ಲಿ ನಮಗೆ ಕಡಿಮೆ ಬಿದ್ದಿರಬೇಕಲ್ಲ?" ಬಿದ್ದಿದೆ. 45 ನಿಮಿಷ ತಡಕ್ಕೆ 0.45 ಗಂಟೆ ಅಂತಲೇ ಕತ್ತರಿಸಿದ್ದಾರೆ. ಅದನ್ನು ಈಗ ವಾಪಸ್ ಹಿಡಿಯಬೇಕಾ?

ಎರಡನೇ_ಪಾಳಿ:
ಮೇಡಂ!! ಅದನ್ನು ಯಾಕೆ ಹೇಳಲು ಹೋದಿರಿ?

ಹಳೇ_ಮಸ್ಟರ್:
ತಪ್ಪು ಶೀಟಿನದ್ದು, ಬಂದವರದ್ದಲ್ಲ. ಮುಂದಿನ ತಿಂಗಳಿಂದ ಸರಿಯಾಗಿ ಕತ್ತರಿಸಿ, ಹಿಂದಿನದ್ದು ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ. ಹಿಡಿಯಲೇಬೇಕು ಅಂತ ಅವರು ಹಟ ಹಿಡಿದರೆ ಮೊದಲು ತಡವಾಗಿ ಬಂದ ಆ ಜನರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಒಪ್ಪಿಗೆ ಬೇಕು. ಒಟ್ಟು ಎಷ್ಟಾಗುತ್ತೆ?

ಹೊಸ_ಗುಮಾಸ್ತೆ:
ಎಲ್ಲರದ್ದೂ ಸೇರಿಸಿದರೆ 212.50.

ಹಳೇ_ಮಸ್ಟರ್:
ನೀವು ನಿನ್ನೆ ರಾತ್ರಿ ಎಷ್ಟು ಗಂಟೆ ಕುಳಿತಿರಿ?

ಹೊಸ_ಗುಮಾಸ್ತೆ:
ಮೂರೂ ಮುಕ್ಕಾಲು.

ಕಾಲು_ಮುಕ್ಕಾಲು:
3.75! ನಿಮ್ಮ ಓಟಿ ಬರೆದುಕೊಂಡಿರಾ?

ಹೊಸ_ಗುಮಾಸ್ತೆ:
ಇಲ್ಲ... ಪೆನ್ಸಿಲ್ ಹುಡುಕುತ್ತಿದ್ದೇನೆ.